ಅಳಿಯನ ಮಾತಿಗೆ ಅತ್ತೆಗೆ ಸೆರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯನ್ನು ಕೇಳಿ ನಾವೆಲ್ಲರೂ ನಕ್ಕಿದ್ದೇವೆ. ಅದು ದಡ್ಡತನದ ಮಾತು. ಕಾಯಿಲೆ ಯಾವುದಕ್ಕೆಂದು ತಿಳಿಯದವನು ಮಾಡಿದ ಕೆಲಸ. ಆದರೆ ಜ್ವರ ಎತ್ತಿಗೇ ಬಂದಿದೆಯೆಂದು ಚೆನ್ನಾಗಿ ತಿಳಿದಿದ್ದೂ, ಎತ್ತು ಕೈಗೆ ಸಿಗುವುದಿಲ್ಲವೆಂಬ ಕಾರಣಕ್ಕೆ, ಅದು ದೂರದಿಂದ ನೋಡಿ ನರಳಲಿ ಎಂದೇ ಎಮ್ಮೆಗೆ ಬರೆ ಎಳೆಯುವವನನ್ನು ಏನೆಂದು ಕರೆಯೋಣ? ಅವನು ದಡ್ಡನಲ್ಲ. ಅವನಿಗೆ ಎಲ್ಲವೂ ಗೊತ್ತು.

ತಮ್ಮ ಅನ್ಯಾಯವನ್ನು ಜಗತ್ತಿನ ಮುಂದೆ ತೆರೆದಿಡುವ ಮಾನವ ಹಕ್ಕು ಹೋರಾಟಗಾರರ ವಿಷಯದಲ್ಲಿ ಹಲವು ಸರಕಾರಗಳು ಮಾಡುತ್ತಿರುವುದು ಇದನ್ನೇ. ಮಾತನಾಡಿದವನು ಗಡಿಯಾಚೆ ಇದ್ದಾನೆ. ಅವನ ತಾಯಿ, ಅತ್ತೆ, ತಮ್ಮ, ಬಾವಮೈದುನ ಗಡಿಯೊಳಗೆ ಇದ್ದಾರೆ. ಆದ್ದರಿಂದ ಅವರನ್ನು ಹಿಡಿಯಲಾಗುತ್ತದೆ.

ನಮಗೆ ಅಪರಿಚಿತವಲ್ಲದ ಒಂದು ನಾಡಿನಿಂದಲೇ ಆರಂಭಿಸುತ್ತೇನೆ. ಬಹ್ರೈನ್ ಎಂದರೆ ನಮ್ಮ ಕರಾವಳಿಯ ಮುಸ್ಲಿಮ್ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅಲ್ಲಿಂದ ಬಂದ ಹಣದಲ್ಲಿ ಇಲ್ಲಿ ಮನೆಗಳೆದ್ದಿವೆ, ಮದುವೆಗಳಾಗಿವೆ. ಅಲ್ಲಿನ ಈಸಾ ಟೌನ್ ಎಂಬ ಊರಿನಲ್ಲಿ ಇಂಡಿಯನ್ ಸ್ಕೂಲ್ ಇದೆ. ಕುಟುಂಬ ಸಮೇತ ಅಲ್ಲಿ ನೆಲೆಸಿರುವ ಭಾರತೀಯರ ಮಕ್ಕಳು ಓದುವ ಶಾಲೆ. ಹೆಂಗಸರ ಜೈಲು ಇರುವುದೂ ಅದೇ ಊರಿನಲ್ಲಿ.

ಸಯ್ಯಿದ್ ಅಹ್ಮದ್ ಅಲ್‌ವದಾಈ ಎಂಬವರು ಬಹ್ರೈನಿನ ಮಾನವ ಹಕ್ಕು ಹೋರಾಟಗಾರ. 2011ರ ಪ್ರತಿಭಟನೆಗಳ ಕಾಲದಲ್ಲಿ ಬಂಧಿತರಾಗಿದ್ದರು, 2012ರಿಂದ ಲಂಡನ್ ನಿವಾಸಿ. 2015ರ ಜನವರಿಯಲ್ಲಿ ಸರಕಾರವು 72 ಮಂದಿಯ ಪೌರತ್ವವನ್ನು ಒಂದೇ ಆದೇಶದಲ್ಲಿ ಕಿತ್ತುಕೊಂಡಾಗ ಅವರ ಹೆಸರೂ ಅದರಲ್ಲಿತ್ತು. 2016ರ ಅಕ್ಟೋಬರ್‌ನಲ್ಲಿ ಬಹ್ರೈನಿನ ದೊರೆ ಲಂಡನ್‌ಗೆ ಬಂದರು. ಅಲ್‌ವದಾಈ ಪ್ರತಿಭಟಿಸಿದರು. ಅದೇ ದಿನ ಬಹ್ರೈನ್ ವಿಮಾನ ನಿಲ್ದಾಣದಲ್ಲಿ ಅವರ ಪತ್ನಿಯನ್ನು ಪುಟ್ಟ ಮಗುವಿನೊಂದಿಗೆ ತಡೆದು ಗಂಟೆಗಟ್ಟಲೆ ವಿಚಾರಣೆ ನಡೆಸಲಾಯಿತು. ಕೊನೆಗೆ ಅವರು ಮಗುವಿನೊಂದಿಗೆ ಲಂಡನ್ ತಲಪಿದರು. 2017ರ ಮಾರ್ಚ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಅವರ ಅತ್ತೆ ಹಾಜರ್ ಮನ್ಸೂರ್, 18 ವರ್ಷದ ಬಾವಮೈದುನ ಮತ್ತು ಪತ್ನಿಯ ಕಡೆಯ ಇನ್ನೊಬ್ಬ ಬಂಧು, ಹೀಗೆ ಮೂವರೂ ಸೆರೆಯಾದರು. ನಕಲಿ ಬಾಂಬ್ ಇಟ್ಟರೆಂಬುದು ಆರೋಪ. ಅದೇ ಅಕ್ಟೋಬರ್ 30ರಂದು ಮೂವರಿಗೂ ಮೂರು ಮೂರು ವರ್ಷಗಳ ಶಿಕ್ಷೆಯಾಯಿತು.

ಇದು ಸಾಮಾನ್ಯ ಅಪರಾಧ ಪ್ರಕರಣ, ಅಳಿಯನಿಗೂ ಇದಕ್ಕೂ ಸಂಬಂಧವಿಲ್ಲ ಎಂಬುದು ಸರಕಾರದ ವಾದ. ಒಂದು ಕಡೆಯ ಮಾತನ್ನು ಮಾತ್ರ ಕೇಳಿ ತೀರ್ಪು ಕೊಡುವುದನ್ನು ಇಸ್ಲಾಮ್ ನಮಗೆ ಕಲಿಸಿಲ್ಲ. ಆದ್ದರಿಂದ ಈ ವಾದವನ್ನೂ ತೂಗಿ ನೋಡೋಣ. ನಕಲಿ ಬಾಂಬಿನ ಪ್ರಕರಣವಾದರೆ ವಿಚಾರಣೆಯಲ್ಲಿ ಲಂಡನ್‌ನಲ್ಲಿರುವ ಅಳಿಯನ ಚಟುವಟಿಕೆಗಳ ಕುರಿತು ಪ್ರಶ್ನಿಸಿದ್ದೇಕೆ? ತಪ್ಪೊಪ್ಪಿಗೆಯನ್ನು ಬಲವಂತದಿಂದ ಪಡೆಯಲಾಯಿತೆಂಬ ದೂರನ್ನು ಗಂಭೀರವಾಗಿ ಪರಿಶೀಲಿಸದೆ ಅದನ್ನೇ ಆಧರಿಸಿದ್ದೇಕೆ? ಮನಸ್ಸಿಗೆ ಬಂದಂತೆ ನಡೆಸುವ ಬಂಧನಗಳನ್ನು ಪರಿಶೀಲಿಸುವ ವಿಶ್ವಸಂಸ್ಥೆಯ ತಜ್ಞರ ತಂಡವೊಂದಿದೆ. ಈ ಮೂವರನ್ನು ಸೆರೆಯಲ್ಲಿಟ್ಟಿರುವುದು ಅಲ್‌ವದಾಈಯೊಂದಿಗಿನ ಅವರ ಸಂಬಂಧದ ಕಾರಣದಿಂದಲೇ ಎಂಬ ಅಭಿಪ್ರಾಯವನ್ನು ಆ ತಂಡ ನೀಡಿದ್ದು 2019ರ ಜನವರಿಯಲ್ಲಿ ಪ್ರಕಟವಾಯಿತು.

ಜೈಲಿನೊಳಗೆ ಏನಾಯಿತು? 2018ರ ಸೆಪ್ಟೆಂಬರ್‌ನಲ್ಲಿ, ಮುಹರ್ರಮ್ ತಿಂಗಳ ಆಚರಣೆಯ ದಿನಗಳಲ್ಲಿ, ಹಾಜರ್ ಮನ್ಸೂರ್ ಮತ್ತು ಇನ್ನಿಬ್ಬರು ಮಹಿಳಾ ಕೈದಿಗಳ ಮೇಲೆ ಕಾವಲು ಸಿಬ್ಬಂದಿ ಹಲ್ಲೆ ನಡೆಸಿದರೆಂದು ಮಾನವ ಹಕ್ಕು ಸಂಘಟನೆಗಳು ವರದಿ ಮಾಡಿದವು. ಹಾಜರ್ ಆಸ್ಪತ್ರೆಗೆ ಸೇರಬೇಕಾಯಿತು. ಸರಕಾರ ಹಲ್ಲೆಯನ್ನು ನಿರಾಕರಿಸಿತು. ಆ ಬಳಿಕ ದಿನದ 23 ಗಂಟೆ ಕೋಣೆಯೊಳಗೆ. ಮನೆಯವರ ಭೇಟಿಗೆ ನಡುವೆ ಗಾಜಿನ ಗೋಡೆ. ಮಕ್ಕಳನ್ನು ಮುಟ್ಟಲೂ ಬಿಡದ ಭೇಟಿ ತನಗೆ ಬೇಡವೆಂದು ಆ ತಾಯಿ ಭೇಟಿಯನ್ನೇ ಬಿಟ್ಟುಬಿಟ್ಟರು. ಈ ಗಾಜಿನ ಮುಂದೆ ತುಸು ನಿಲ್ಲಿ, ಓದುಗರೇ. ಹೊಡೆತದ ಗಾಯವನ್ನು ವೈದ್ಯರು ಬರೆದಿಡಬಹುದು. ಇದನ್ನು ಯಾವ ವರದಿಯಲ್ಲಿ ಬರೆಯುವುದು?

ಇದು ಒಂದು ದೇಶದ ರೋಗವಲ್ಲ. ಚೀನಾದ ಅಂಧ ನ್ಯಾಯಹೋರಾಟಗಾರ ಚೆನ್ ಗುವಾಂಗ್‌ಚೆಂಗ್ 2012ರಲ್ಲಿ ಗೃಹಬಂಧನದಿಂದ ತಪ್ಪಿಸಿಕೊಂಡಾಗ ಅಧಿಕಾರಿಗಳು ರಾತ್ರಿ ಅವರ ಅಣ್ಣನ ಮನೆಗೆ ನುಗ್ಗಿದರು. ಅವರನ್ನು ಎದುರಿಸಿ ಗಾಯಗೊಳಿಸಿದ ಅಣ್ಣನ ಮಗನಿಗೆ ಮೂರು ವರ್ಷ ಮೂರು ತಿಂಗಳ ಸಜೆಯಾಯಿತು. ಜೈಲಿನಲ್ಲಿ ಅವನಿಗೆ ಅಪೆಂಡಿಸೈಟಿಸ್ ಆದಾಗ ಹೊರಗಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಲು ಬಿಡಲಿಲ್ಲ. ಉಯಿಗುರ್ ಮುಸ್ಲಿಮರ ಪರವಾಗಿ ಮಾತನಾಡಿದ ರಬಿಯಾ ಕದೀರ್ 2005ರಲ್ಲಿ ಸೆರೆಯಿಂದ ಬಿಡುಗಡೆಯಾಗಿ ಅಮೆರಿಕ ತಲಪಿದರು. ಮರುವರ್ಷವೇ ಊರಿನಲ್ಲಿದ್ದ ಅವರ ಮಕ್ಕಳನ್ನು ಬಂಧಿಸಲಾಯಿತು. 2007ರಲ್ಲಿ ಒಬ್ಬ ಮಗನಿಗೆ ಒಂಬತ್ತು ವರ್ಷಗಳ ಶಿಕ್ಷೆ. ಇನ್ನೂ ಹಿಂದಕ್ಕೆ ಹೋದರೆ, 1937ರಲ್ಲಿ ಸ್ಟಾಲಿನ್‌ನ ರಷ್ಯಾದಲ್ಲಿ 'ದ್ರೋಹಿಗಳ ಪತ್ನಿಯರು' ಎಂಬುದೇ ಒಂದು ಅಪರಾಧವಾಗಿತ್ತು. ಅಂಥ ಹೆಂಗಸರಿಗೆಂದೇ ಕಝಾಕಿಸ್ತಾನದಲ್ಲಿ ಒಂದು ಶಿಬಿರವಿತ್ತು. ದೇವನನ್ನು ಒಪ್ಪುವವರು, ಒಪ್ಪದವರು ಎಲ್ಲರ ಕೈಯಲ್ಲೂ ಈ ಒಂದೇ ಆಯುಧ.

ನಾನು ಮದ್ರಸದಲ್ಲಿ ಸೂರಃ ಯೂಸುಫ್‌ನ ಕತೆ ಹೇಳುವಾಗ ಪ್ರತಿ ವರ್ಷವೂ ಯಾರಾದರೊಬ್ಬ ಹುಡುಗ ಒಂದು ಪ್ರಶ್ನೆ ಕೇಳುತ್ತಾನೆ. ಈಜಿಪ್ಟಿನಲ್ಲಿ ಕಿರಿಯ ಸಹೋದರನ ಚೀಲದಲ್ಲಿ ರಾಜನ ಪಾತ್ರೆ ಸಿಗುತ್ತದೆ. ಅವನನ್ನು ತಡೆಹಿಡಿದಾಗ ಅಣ್ಣಂದಿರು ಅಂಗಲಾಚುತ್ತಾರೆ: ತಂದೆ ಬಹಳ ವೃದ್ಧರು, ಇವನ ಬದಲಿಗೆ ನಮ್ಮಲ್ಲೊಬ್ಬನನ್ನು ಇಟ್ಟುಕೊಳ್ಳಿ ಎನ್ನುತ್ತಾರೆ. ಉಸ್ತಾದರೇ, ಅಣ್ಣ ತಾನಾಗಿಯೇ ಒಪ್ಪಿಕೊಂಡಿದ್ದನಲ್ಲ, ಅವನನ್ನೇ ಇಟ್ಟುಕೊಳ್ಳಬಹುದಿತ್ತಲ್ಲ ಎಂಬುದು ಹುಡುಗನ ಪ್ರಶ್ನೆ. ಪ್ರಶ್ನೆಯೇ ಉತ್ತರವನ್ನು ದೊಡ್ಡದು ಮಾಡುತ್ತದೆ. ಹ. ಯೂಸುಫ್(ಅ) ಅದಕ್ಕೆ ಅಲ್ಲಾಹನ ಅಭಯ ಯಾಚಿಸುತ್ತಾರೆ. ಯಾರ ಬಳಿ ವಸ್ತು ಸಿಕ್ಕಿತೋ ಅವನನ್ನಲ್ಲದೆ ಬೇರೊಬ್ಬನನ್ನು ಹಿಡಿದರೆ ತಾವು ಅಕ್ರಮಿಗಳಾಗುವೆವು ಎನ್ನುತ್ತಾರೆ (12:79). ಒಬ್ಬನು ಮನಸಾರೆ ಮುಂದೆ ಬಂದರೂ ಅವನನ್ನು ಇನ್ನೊಬ್ಬನ ಬದಲಿಗೆ ಸೆರೆಯಲ್ಲಿಡುವುದು ಅಕ್ರಮವಾದರೆ, ರಾತ್ರಿ ಬಾಗಿಲು ಬಡಿದು ಎಳೆದೊಯ್ಯುವುದು ಏನಾಯಿತು? ಹೀಗೆ ಹೇಳಿದವರು ಯಾರೆಂಬುದನ್ನೂ ಮರೆಯಬಾರದು. ತಪ್ಪು ಮಾಡದೆ ವರ್ಷಗಟ್ಟಲೆ ಸೆರೆಮನೆಯಲ್ಲಿ ಕಳೆದು, ಅಲ್ಲಿಂದ ಅಧಿಕಾರದ ಪೀಠಕ್ಕೆ ಬಂದವರು ಅವರು.

ಒಬ್ಬನ ಪಾಪದ ಹೊರೆಯನ್ನು ಇನ್ನೊಬ್ಬನು ಹೊರುವುದಿಲ್ಲ ಎಂಬ ತತ್ವವನ್ನು ಪವಿತ್ರ ಕುರ್‌ಆನ್ ಐದು ಕಡೆ ಸಾರುತ್ತದೆ. ಇದು ಹ. ಇಬ್ರಾಹೀಮ್(ಅ) ಮತ್ತು ಹ. ಮೂಸಾ(ಅ)ರ ಗ್ರಂಥಗಳಲ್ಲಿಯೂ ಇದ್ದ ಮಾತೆಂದು ಅನ್ನಜ್ಮ್ ಅಧ್ಯಾಯ ತಿಳಿಸುತ್ತದೆ. ಅಜ್ಞಾನ ಕಾಲದ ಅರಬರಲ್ಲಿ ಕೊಲೆಗಾರನು ಸಿಗದಿದ್ದರೆ ಅವನ ಗೋತ್ರದ ಯಾರನ್ನಾದರೂ ಕೊಂದು ಸೇಡು ತೀರಿಸುತ್ತಿದ್ದರು. ಪ್ರವಾದಿ(ಸ)ರು ವಿದಾಯ ಹಜ್ಜ್‌ನ ಭಾಷಣದಲ್ಲಿ ಆ ಕಾಲದ ರಕ್ತದ ಸೇಡುಗಳನ್ನೆಲ್ಲ ರದ್ದುಪಡಿಸಿದರು. ಮೊದಲಿಗೆ ರದ್ದಾದದ್ದು ತಮ್ಮದೇ ಮನೆತನದ, ರಬೀಅಃರ ಮಗುವಿನ ರಕ್ತದ ಹಕ್ಕು. ಮಗನ ಅಪರಾಧಕ್ಕೆ ತಂದೆಯಾಗಲಿ ತಂದೆಯ ಅಪರಾಧಕ್ಕೆ ಮಗನಾಗಲಿ ಹೊಣೆಯಲ್ಲ ಎಂಬುದನ್ನೂ ಅದೇ ಸಂದರ್ಭದಲ್ಲಿ ಸ್ಪಷ್ಟಪಡಿಸಿದರು.

ಅಷ್ಟಾದರೂ ಈ ರೋಗ ನಮ್ಮೊಳಗೆ ಮರಳಲು ಬಹಳ ಕಾಲ ಬೇಕಾಗಲಿಲ್ಲ. ಹಿಜರಿ 45ರಲ್ಲಿ (ಕ್ರಿ.ಶ. 665) ಝಿಯಾದ್ ಎಂಬವನು ಬಸ್ರಾದ ರಾಜ್ಯಪಾಲನಾಗಿ ಬಂದನು. ಅವನ ಮೊದಲ ಭಾಷಣವನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಓಡಿಹೋದವನ ಬದಲಿಗೆ ಉಳಿದವನನ್ನು, ರೋಗಿಯ ಬದಲಿಗೆ ಆರೋಗ್ಯವಂತನನ್ನು, ತಪ್ಪು ಮಾಡಿದವನ ಬದಲಿಗೆ ವಿಧೇಯನನ್ನು ಹಿಡಿಯುವೆನೆಂದು ಅವನು ಆಣೆಯಿಟ್ಟು ಸಾರಿದನು. ನಮ್ಮ ಎತ್ತು ಎಮ್ಮೆಯ ಗಾದೆಯನ್ನೇ ಆಡಳಿತ ನೀತಿಯನ್ನಾಗಿ ಮಾಡಿದ ಹಾಗೆ! ಜನರು ತುಟಿ ಬಿಚ್ಚದೆ ಕುಳಿತಿದ್ದಾಗ ಅಬೂ ಬಿಲಾಲ್ ಮಿರ್ದಾಸ್ ಎಂಬವನು ಎದ್ದು, ಅಲ್ಲಾಹನು ಹೇಳಿರುವುದು ನೀನು ಹೇಳಿದ್ದಕ್ಕೆ ವಿರುದ್ಧವಾಗಿದೆ ಎಂಬರ್ಥದಲ್ಲಿ ಅನ್ನಜ್ಮ್‌ನ ಅದೇ ಸೂಕ್ತಗಳನ್ನು ಓದಿದನು. ಅವನು ಖವಾರಿಜ್ ಪಂಗಡದವನು. ಅವನ ದಾರಿ ನಮ್ಮದಲ್ಲ. ಆ ದಿನ ಅವನ ಬಾಯಲ್ಲಿದ್ದ ಮಾತು ಮಾತ್ರ ನಮ್ಮದು. ಝಿಯಾದ್‌ನಿಂದ ಬಂದ ಉತ್ತರ, ರಕ್ತದಲ್ಲಿ ನಡೆಯದೆ ನೀವು ಬಯಸುವ ನ್ಯಾಯಕ್ಕೆ ದಾರಿಯಿಲ್ಲ ಎಂಬಂತಿತ್ತು. ಇಂದಿನ ಆಡಳಿತಗಾರರು ಇದನ್ನೇ 'ರಾಷ್ಟ್ರದ ಭದ್ರತೆ' ಎಂಬ ನಯವಾದ ಮಾತಿನಲ್ಲಿ ಹೇಳುತ್ತಾರೆ. ಇನ್ನು ನಾವೇನು ಕಡಿಮೆಯೇ? ಅಣ್ಣ ಜೈಲಿನಲ್ಲಿದ್ದಾನೆಂಬ ಕಾರಣಕ್ಕೆ ತಂಗಿಯ ಮದುವೆಯ ಮಾತುಕತೆ ಮುರಿದುಬಿದ್ದುದನ್ನು ನಾವು ಯಾರೂ ಕಂಡಿಲ್ಲವೇ?

ಈ ಆಯುಧಕ್ಕೆ ಹರಿತ ಎಲ್ಲಿಂದ ಬರುತ್ತದೆಯೆಂದು ಯೋಚಿಸಿ ನೋಡಿ. ತಾಯಿಯನ್ನು ಪ್ರೀತಿಸದ ಮಗನ ಮೇಲೆ ಇದು ಕೆಲಸ ಮಾಡುವುದಿಲ್ಲ. ಪ್ರೀತಿ ಹೆಚ್ಚಿದಷ್ಟೂ ಗಾಯ ಆಳವಾಗುತ್ತದೆ. ದಂಪತಿಗಳ ನಡುವಿನ ಪ್ರೀತಿ ಮತ್ತು ಕರುಣೆಯನ್ನು ಅಲ್ಲಾಹನು ತನ್ನ ದೃಷ್ಟಾಂತಗಳಲ್ಲಿ ಸೇರಿಸಿದ್ದಾನೆ (30:21). ಹೆತ್ತೊಡಲಿನ ಸಂಬಂಧಕ್ಕೆ ತನ್ನ ರಹ್ಮಾನ್ ಎಂಬ ನಾಮದಿಂದಲೇ ಹೆಸರಿಟ್ಟಿದ್ದಾನೆ. ಅಂಥ ಕರುಣೆಯ ದಾರವನ್ನೇ ಹೊಸೆದು ನೇಣಿನ ಹಗ್ಗ ಮಾಡುವುದು ಕೇವಲ ಒಬ್ಬ ಅಮಾಯಕನನ್ನು ಸೆರೆಯಲ್ಲಿಟ್ಟ ತಪ್ಪಿನಷ್ಟೇ ದೊಡ್ಡದೆಂದು ನನಗೆ ತೋರುವುದಿಲ್ಲ. ಕಳ್ಳನ ಬದಲಿಗೆ ಕಳ್ಳನಲ್ಲದವನನ್ನು ಹಿಡಿದರೆ ಅದು ತಪ್ಪಾಗಿ ನಡೆದಿರಲೂಬಹುದು. ಇಲ್ಲಿ ಹಿಡಿಯುವವನಿಗೆ ಆ ತಾಯಿ ನಿರಪರಾಧಿ ಎಂಬುದು ಗೊತ್ತಿರುತ್ತದೆ. ಅವಳು ನಿರಪರಾಧಿಯಾಗಿರುವುದರಿಂದಲೇ ಮಗನು ಹೆಚ್ಚು ನೋಯುತ್ತಾನೆ ಎಂಬುದೂ ಗೊತ್ತಿರುತ್ತದೆ.

ನಿಜವಾದ ಅಪರಾಧಿಯೇ ಆದರೂ ಸೆರೆಯಲ್ಲಿ ಅವನನ್ನು ಹೇಗೆ ನೋಡಿಕೊಳ್ಳಬೇಕು? ಖಲೀಫಾ ಹಾರೂನ್ ರಶೀದ್‌ಗಾಗಿ ಬರೆದ ಕಿತಾಬುಲ್ ಖರಾಜ್‌ನಲ್ಲಿ ಇಮಾಮ್ ಅಬೂ ಯೂಸುಫ್(ರ) ಕೈದಿಗಳ ಊಟ, ಬೇಸಗೆ ಚಳಿಗಾಲಗಳ ಬಟ್ಟೆಗಳ ಬಗ್ಗೆ ವಿವರವಾಗಿ ಸಲಹೆ ನೀಡಿದ್ದಾರೆ. ರೊಟ್ಟಿ ಕಳುಹಿಸಿದರೆ ಜೈಲಿನ ಸಿಬ್ಬಂದಿ ಲಪಟಾಯಿಸುತ್ತಾರೆ, ಆದ್ದರಿಂದ ತಿಂಗಳ ಹಣವನ್ನು ಕೈದಿಯ ಕೈಗೇ ಕೊಡಿಸಬೇಕು ಎಂಬುದು ಅವರ ಸೂಚನೆ. ಸಾವಿರದಿನ್ನೂರು ವರ್ಷಗಳ ಹಿಂದೆ ಒಬ್ಬ ನ್ಯಾಯಾಧೀಶರಿಗೆ ಜೈಲಿನ ಒಳಗುಟ್ಟು ಎಷ್ಟು ಚೆನ್ನಾಗಿ ತಿಳಿದಿತ್ತು! ಬೆಕ್ಕೊಂದನ್ನು ಕೂಡಿಹಾಕಿ, ಆಹಾರ ಕೊಡದೆ ಸಾಯಿಸಿದ ಹೆಂಗಸು ನರಕ ಸೇರಿದ ಹದೀಸ್ ನಮ್ಮ ಮಕ್ಕಳಿಗೂ ಬಾಯಿಪಾಠವಾಗಿದೆ.

ಇಲ್ಲಿ ಕೆಲವರ ಮನದಲ್ಲಿ ಏಳುವ ಮಾತು ನನಗೆ ಗೊತ್ತು. ಬಹ್ರೈನಿನ ಆ ಕುಟುಂಬ ಶಿಯಾ ಪಂಗಡದ್ದು, ನಮಗೇಕೆ ಆ ಗೊಡವೆ ಎಂದು. ಸಹಾಬಿ ಹಿಶಾಮ್ ಬಿನ್ ಹಕೀಮ್(ರ) ಸಿರಿಯಾದಲ್ಲಿ ಹೋಗುತ್ತಿದ್ದಾಗ ಕೆಲವು ರೈತರನ್ನು ಕಂದಾಯಕ್ಕಾಗಿ ಬಿಸಿಲಲ್ಲಿ ನಿಲ್ಲಿಸಿರುವುದನ್ನು ಕಂಡರು. ಆ ರೈತರು ಮುಸ್ಲಿಮರೂ ಆಗಿರಲಿಲ್ಲ. ಇಹಲೋಕದಲ್ಲಿ ಜನರನ್ನು ಹಿಂಸಿಸುವವರನ್ನು ಅಲ್ಲಾಹನು ಹಿಂಸಿಸುವನೆಂದು ಪ್ರವಾದಿ(ಸ)ರು ಹೇಳಿದ್ದನ್ನು ಅವರು ನೇರವಾಗಿ ಅಧಿಕಾರಿಗೇ ತಿಳಿಸಿದರು. ಅಧಿಕಾರಿ ರೈತರನ್ನು ಬಿಡಿಸಿದರು. ಅವರ ಪಂಗಡ ಯಾವುದೆಂಬ ಪ್ರಶ್ನೆ ಹಿಶಾಮರ(ರ) ನಾಲಗೆಗೆ ಬರಲೇ ಇಲ್ಲ. ಬಹ್ರೈನಿನಲ್ಲಿ ದುಡಿಯುತ್ತಿರುವ ನಮ್ಮ ಹುಡುಗನು ಬೀದಿಗಿಳಿದು ಕೂಗಬೇಕೆಂದು ನಾನು ಹೇಳುವುದಿಲ್ಲ. ಅವನ ವೀಸಾ, ಅವನ ಮನೆಯ ಒಲೆ ಎರಡೂ ಒಂದೇ ಕಾಗದದಲ್ಲಿವೆ. ಆದರೆ ಊರಿನಲ್ಲಿ ಜಗಲಿಯ ಮೇಲೆ ಕುಳಿತು ಆ ಸೆರೆಯನ್ನು ಸರಿಯೆಂದು ವಾದಿಸುವವನಿಗೆ ಆ ಅನಿವಾರ್ಯತೆಯೂ ಇಲ್ಲ.

ನನ್ನನ್ನು ಕಾಡುವ ಪ್ರಶ್ನೆ ಇನ್ನೊಂದಿದೆ. ತನ್ನ ಮಾತಿನಿಂದ ತಾಯಿ ಜೈಲಿಗೆ ಹೋಗುತ್ತಾಳೆಂದು ತಿಳಿದೂ ಮಾತನಾಡುವ ಮಗನು ತಾಯಿಗೆ ದ್ರೋಹ ಬಗೆಯುತ್ತಿದ್ದಾನೆಯೇ? ಬಂಧುಗಳೇ ಅವನಿಗೆ ಹೇಳುತ್ತಾರೆ, ನಿನ್ನಿಂದಾಗಿಯೇ ಹೀಗಾಯಿತು ಎಂದು. ಆಳುವವರು ಬಯಸುವುದೂ ಇದನ್ನೇ. ಹೊಡೆದ ಕೈಯನ್ನು ಬಿಟ್ಟು ಕೂಗಿದ ಬಾಯಿಯ ಮೇಲೆ ಆರೋಪ ಬರಬೇಕು. ಮಕ್ಕಾದಲ್ಲಿ ಯಾಸಿರ್(ರ), ಸುಮಯ್ಯಾ(ರ) ಮತ್ತು ಮಗ ಅಮ್ಮಾರ್(ರ) ಒಟ್ಟಿಗೇ ಚಿತ್ರಹಿಂಸೆಗೊಳಗಾದರು. ಸುಮಯ್ಯಾ(ರ) ಅಬೂ ಜಹಲ್‌ನ ಕೈಯಲ್ಲಿ ಹುತಾತ್ಮರಾದರು. ಅದಕ್ಕೆ ಅಬೂ ಜಹಲ್‌ನನ್ನಲ್ಲದೆ ಬೇರೆ ಯಾರನ್ನೂ ನಮ್ಮ ಇತಿಹಾಸ ಹೊಣೆ ಮಾಡಿಲ್ಲ. ಇನ್ನು ಅಮ್ಮಾರ್(ರ) ಹಿಂಸೆ ತಾಳಲಾರದೆ ಶತ್ರುಗಳು ಬಯಸಿದ ಮಾತನ್ನು ಹೇಳಿ, ಅಳುತ್ತ ಪ್ರವಾದಿ(ಸ)ರ ಬಳಿ ಬಂದರು. ಪ್ರವಾದಿ(ಸ)ರು ಗದರಿಸಲಿಲ್ಲ. ಹೃದಯ ಹೇಗಿದೆಯೆಂದು ಮಾತ್ರ ಕೇಳಿದರು. ವಿಶ್ವಾಸದಲ್ಲಿ ದೃಢವಾಗಿದೆಯೆಂದಾಗ, ಅವರು ಮತ್ತೆ ಹಿಂಸಿಸಿದರೆ ಮತ್ತೆ ಹಾಗೆಯೇ ಹೇಳೆಂದರು. ತಾಯಿಯನ್ನು ಬಿಡಿಸಲಿಕ್ಕಾಗಿ ಮೌನಿಯಾದವನನ್ನು ಹೇಡಿಯೆನ್ನಲು ಹೊರಟವರು ಈ ಘಟನೆಯನ್ನು ನೆನೆಯಲಿ. ಮಾತನಾಡುತ್ತಲೇ ಇರುವವನನ್ನು ನಿರ್ದಯಿ ಎನ್ನಲು ಹೊರಟವರು ಸುಮಯ್ಯಾರನ್ನು(ರ) ನೆನೆಯಲಿ. ಇವೆರಡರಲ್ಲಿ ಯಾವ ದಾರಿಯನ್ನು ಹಿಡಿಯಬೇಕೆಂದು ಹೊರಗಿರುವ ನಾವು ಅವನಿಗೆ ಹೇಳಲಾರೆವು.

ಅಲ್‌ವದಾಈ ಮಾತನ್ನು ನಿಲ್ಲಿಸಲಿಲ್ಲ. ಅವರ ಬಾವಮೈದುನನಿಗೆ ಬೇರೆ ಆರೋಪಗಳಲ್ಲಿ ಇನ್ನಷ್ಟು ವರ್ಷಗಳ ಶಿಕ್ಷೆ ಬಿತ್ತು. ಹಾಜರ್ ಮನ್ಸೂರ್ ಮೂರು ವರ್ಷಗಳನ್ನು ಪೂರ್ತಿ ಕಳೆದು 2020ರ ಮಾರ್ಚ್ 5ರಂದು ಹೊರಬಂದರು. ಆ ದಿನ ಮಗಳು ಮತ್ತು ಅಳಿಯ ಲಂಡನ್‌ನಲ್ಲಿದ್ದರು. ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳೋಣವೆಂದರೆ ಅಳಿಯನಿಗೆ ಆ ದೇಶದ ಪೌರತ್ವವೇ ಉಳಿದಿರಲಿಲ್ಲ.