ಸಂಜೆ ಐದರ ಕೂಲಿಯಾಳುಗಳು



ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು (ಮತ್ತಾಯ 20:1-16) ನಾವು ಎಷ್ಟೋ ಸಲ ಕೇಳಿದ್ದೇವೆ. ಕೇಳಿದಾಗಲೆಲ್ಲ ನಮ್ಮ ಮನಸ್ಸು ಬೆಳಗಿನಿಂದ ದುಡಿದವರ ಕಡೆಗೇ ವಾಲುತ್ತದೆ. ಒಂದು ಗಂಟೆ ದುಡಿದವನಿಗೂ ಇಡೀ ದಿನದ ಕೂಲಿಯೇ, ಇದು ಯಾವ ನ್ಯಾಯ ಎಂದು ಒಳಗೊಳಗೇ ಗೊಣಗುತ್ತೇವೆ. ಇಂದು ಸ್ವಲ್ಪ ಹೊತ್ತು ಆ ಸಂಜೆ ಐದು ಗಂಟೆಯವರ ಪಕ್ಕದಲ್ಲಿ ನಿಲ್ಲೋಣ. ಏಕೆ ಸುಮ್ಮನೆ ನಿಂತಿದ್ದೀರೆಂದು ಯಜಮಾನ ಅವರನ್ನು ಕೇಳುತ್ತಾನೆ. ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎನ್ನುತ್ತಾರೆ ಅವರು. ಈ ಉತ್ತರದಲ್ಲಿ ಸೋಮಾರಿತನವಿಲ್ಲ. ಬೆಳಗಿನಿಂದ ಪಕ್ಕದವರನ್ನು ಕರೆದೊಯ್ಯುವುದನ್ನು ನೋಡುತ್ತಾ, ಬರಿಗೈಯಲ್ಲಿ ಮನೆಗೆ ಹೇಗೆ ಹೋಗಲಿ ಎಂದು ಯೋಚಿಸುತ್ತಾ ನಿಂತವರ ಮಾತು ಅದು.

ಇಂಥ ಸಂಜೆ ನಮ್ಮ ನಾಡಿನ ಒಂದು ಇಡೀ ಊರಿಗೇ ಬಂದದ್ದುಂಟು. ಕೋಲಾರದ ಚಿನ್ನದ ಗಣಿಗಳ ಊರಾದ ಕೆ.ಜಿ.ಎಫ್. ನಿಮಗೆಲ್ಲ ಗೊತ್ತು. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಅಲ್ಲಿ ಕೆಲಸ ಆರಂಭಿಸಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಆ ಗಣಿಗಳಿಗೆ ಬಂದಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿದದ್ದು 1905ರಲ್ಲಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಷ್ಟು ಆಳದಲ್ಲಿ ಬಂಡೆಯೇ ಬಿಸಿ. ಕೆಲವೊಮ್ಮೆ ಅದು ಒತ್ತಡ ತಾಳಲಾರದೆ ಸಿಡಿಯುತ್ತಿತ್ತು. ಬಂಡೆಯ ಸದ್ದಿನಿಂದಲೇ ಅಪಾಯವನ್ನು ಅರಿಯುವುದು, ಮೇಲ್ಛಾವಣಿ ಕುಸಿಯದಂತೆ ಮರದ ಆಧಾರ ಕೊಡುವುದು, ಗಂಟೆಯ ಸಂಕೇತ ಕೇಳಿ ಆಳುಗಳಿದ್ದ ಕೇಜನ್ನು ಜೋಪಾನವಾಗಿ ಇಳಿಸಿ ಏರಿಸುವುದು, ಇವೆಲ್ಲ ತಂದೆಯಿಂದ ಮಗನಿಗೆ, ಹಿರಿಯನಿಂದ ಕಿರಿಯನಿಗೆ ಬಂದ ವಿದ್ಯೆಗಳು. ಅದಿರಿನಲ್ಲಿ ಚಿನ್ನದ ಅಂಶ ಇಳಿಯಿತು, ತೆಗೆಯುವ ಖರ್ಚು ಏರಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲಿನ ವರ್ಷಗಳಲ್ಲಿ ಚಿನ್ನದ ಬೆಲೆ ಎಲ್ಲಿಗೆ ಮುಟ್ಟಿತೆಂದು ಮದುವೆಗೆ ಬಂದ ಮಗಳಿರುವ ಪ್ರತಿ ಮನೆಗೂ ಗೊತ್ತು. ಆದರೆ ಆ ಕೈಗಳನ್ನು ಯಾರೂ ಮತ್ತೆ ಕರೆಯಲಿಲ್ಲ.

ಗಣಿ ಮುಚ್ಚಿದ ಕೆಲವು ವರ್ಷಗಳ ಮೇಲೆ ಅಲ್ಲಿಯ ಒಂದು ಮನೆಗೆ ಹೋಗಿದ್ದೆ. ಸಾಲುಮನೆಗಳಲ್ಲಿ ಒಂದು, ಒಳಗೆ ತಿರುಹೃದಯದ ಪಟ, ಅದರ ಕೆಳಗೆ ದೀಪ. ಮಾತಿಗೆಂದು ಮನೆಯ ಹಿರಿಯನನ್ನು, "ಈಗ ಏನು ಕೆಲಸ ಮಾಡುತ್ತಿದ್ದೀರಿ?" ಎಂದು ಕೇಳಿಬಿಟ್ಟೆ. ಅವರು ಬಾಯಿ ತೆರೆಯುವ ಮೊದಲೇ ಹೆಂಡತಿ, "ಸುಮ್ಮನೆ ಮನೆಯಲ್ಲೇ ಇದ್ದಾರೆ, ಫಾದರ್" ಎಂದರು. ಅವರು ಮೆಲ್ಲನೆ ಎದ್ದು ಹಿತ್ತಲಿಗೆ ಹೋದರು. ನಾನು ಹೊರಡುವವರೆಗೂ ಒಳಗೆ ಬರಲಿಲ್ಲ. ಯಜಮಾನನ ಪ್ರಶ್ನೆಯನ್ನು ನಾನೂ ಕೇಳಿದ್ದೆ, ಆದರೆ ಕೊಡಲು ನನ್ನ ಬಳಿ ತೋಟವಿರಲಿಲ್ಲ.

ಇನ್ನೊಮ್ಮೆ ಹೋದಾಗ ಬೇರೆ ಪ್ರಶ್ನೆ ಕೇಳಿದೆ. ಅಷ್ಟು ಆಳದಲ್ಲಿ ಮರದ ಆಧಾರ ನಿಲ್ಲಿಸುವುದು ಹೇಗೆ ಎಂದೆ. ಒಂದು ಗಂಟೆ ಮಾತನಾಡಿದರು. ಎಂಥ ಮರ, ಎಷ್ಟು ಅಂತರ, ಯಾವ ಸದ್ದಿಗೆ ಹೆದರಬೇಕು, ಯಾವುದಕ್ಕೆ ಬೇಡ. ಬೆಂಗಳೂರಿನ ಅಂಗಡಿಯೊಂದರಲ್ಲಿ ದುಡಿದು ರಾತ್ರಿ ರೈಲಿನಲ್ಲಿ ಆಗ ತಾನೇ ಬಂದಿದ್ದ ಮಗ, ಊಟದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟ. "ಅಪ್ಪ ಇದನ್ನೆಲ್ಲ ನಮಗೆ ಹೇಳೇ ಇಲ್ಲ" ಎಂದ. ನೀವು ಕೇಳಿದ್ದಿರಾ ಎಂದು ನಾನು ಕೇಳಲಿಲ್ಲ.

ವಿಮೋಚನಕಾಂಡದ 31ನೆಯ ಅಧ್ಯಾಯವನ್ನು ತೆರೆದು ನೋಡಿ. ಬೆಚಲೇಲನೆಂಬ ಕೆಲಸಗಾರನನ್ನು ದೇವರು ತಮ್ಮ ಆತ್ಮದಿಂದ ತುಂಬಿಸುತ್ತಾರೆ. ಪ್ರವಾದನೆ ನುಡಿಯಲೆಂದಲ್ಲ, ಚಿನ್ನ ಬೆಳ್ಳಿಗಳ ಕೆಲಸಕ್ಕೆ, ಕಲ್ಲು ಕೆತ್ತಲು, ಮರ ಕೊರೆಯಲು! ಕೈಕಸುಬು ದೇವರ ವರವಾದರೆ, ಮಾರುಕಟ್ಟೆ ಅದನ್ನು ಕೊಳ್ಳದ ದಿನ ಆ ವರ ಸುಳ್ಳಾಗುತ್ತದೆಯೇ? ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ತರುಣರಾಗಿದ್ದಾಗ, ಯುದ್ಧಕಾಲದಲ್ಲಿ, ಪೋಲೆಂಡಿನ ಕಲ್ಲಿನ ಕ್ವಾರಿಯಲ್ಲಿ ಕೂಲಿ ಮಾಡಿದವರು. 1981ರಲ್ಲಿ ಅವರು ಬರೆದ 'ಲಬೊರೆಮ್ ಎಕ್ಸೆರ್ಚೆನ್ಸ್' ವಿಶ್ವಪತ್ರದ ತಿರುಳು ಇದೇ: ಕೆಲಸದ ಬೆಲೆ ಮೊದಲು ಬರುವುದು ಮಾಡಿದ ವಸ್ತುವಿನಿಂದಲ್ಲ, ಮಾಡುವ ಮನುಷ್ಯನಿಂದ.

ಇದು ಗಣಿಯವರ ಕಥೆ, ನಮಗೇನು ಎನ್ನಬೇಡಿ. ಬೆರಳಚ್ಚು ಕಲಿತವರ ಕೆಲಸವನ್ನು ಕಂಪ್ಯೂಟರ್ ತೆಗೆದುಕೊಂಡಿತು. ಅಚ್ಚುಮೊಳೆ ಜೋಡಿಸುತ್ತಿದ್ದವರ ಮನೆಗೂ ಅದೇ ಆಯಿತು. ಈಗ ಕಂಪ್ಯೂಟರ್ ಕಲಿತ ಮಕ್ಕಳೇ ಕೃತಕ ಬುದ್ಧಿಮತ್ತೆಗೆ ಹೆದರುತ್ತಿದ್ದಾರೆ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪರು ಹದಿನಾಲ್ಕನೆಯ ಲಿಯೊ ಎಂಬ ಹೆಸರು ಆರಿಸಿಕೊಂಡದ್ದೇಕೆಂದು ತಾವೇ ಹೇಳಿದರು: 1891ರಲ್ಲಿ ಹದಿಮೂರನೆಯ ಲಿಯೊ ಅವರು ಕಾರ್ಖಾನೆಗಳ ಕಾಲದ ಕಾರ್ಮಿಕರ ಪರವಾಗಿ 'ರೇರುಮ್ ನೊವಾರುಮ್' ಬರೆದರು, ಇಂದು ಈ ಹೊಸ ಯಂತ್ರಬುದ್ಧಿಯ ಮುಂದೆ ಅದೇ ಪ್ರಶ್ನೆ ಮತ್ತೆ ಎದ್ದಿದೆ. ಬೈಕಿನ ಮೇಲೆ ಕುಳಿತು ಮೊಬೈಲ್ ಸದ್ದು ಮಾಡುವುದನ್ನೇ ಕಾಯುವ ಹುಡುಗನೂ ಸಂತೆಬೀದಿಯಲ್ಲಿ ನಿಂತವನೇ. ಅಂಥವರ ಸಾಮಾಜಿಕ ಭದ್ರತೆಗೆಂದು ನಮ್ಮ ರಾಜ್ಯ 2025ರಲ್ಲಿ ಕಾಯ್ದೆ ತಂದಿತು, ಒಳ್ಳೆಯದು. ಆದರೆ ಅವನು ಮನೆಗೆ ಬಂದಾಗ ಹೇಗೆ ಬರಮಾಡಿಕೊಳ್ಳಬೇಕೆಂದು ಕಾಯ್ದೆ ಹೇಳಿಕೊಡಲಾರದು.

ಹೆಂಡತಿಯರೇ, ಗಂಡಂದಿರೇ, ಕೆಲಸ ಕಳೆದುಕೊಂಡವರ ಪರವಾಗಿ ಅವರೆದುರಿಗೇ ನೀವು ಉತ್ತರ ಹೇಳಬೇಡಿ. ಮಕ್ಕಳೇ, ಸಂಬಳದ ಹಣವನ್ನು ಅಮ್ಮನ ಕೈಯಲ್ಲಿಡುವಾಗ, ಬಸ್ಸಿಗೂ ಕಾಫಿಗೂ ಅಪ್ಪ ಕೈಚಾಚುವ ಹಾಗೆ ಮಾಡಬೇಡಿ. ನಲವತ್ತು ದಾಟಿದ ಮೇಲೆ ಹೊಸ ಕೆಲಸ ಕಲಿಯಲು ಹೊರಟವರನ್ನು ನೋಡಿ ನಗಬೇಡಿ. ಎಳೆಯರ ನಡುವೆ ಕುಳಿತು ಮತ್ತೆ ವಿದ್ಯಾರ್ಥಿಯಾಗುವುದಕ್ಕೆ ಬಹಳ ದೀನತೆ ಬೇಕು. ಆಳುಗಳನ್ನಿಟ್ಟುಕೊಂಡವರೇ, ಕೂಲಿಯನ್ನು ಸೂರ್ಯ ಮುಳುಗುವ ಮೊದಲು ಕೊಡಬೇಕೆಂಬ ಧರ್ಮೋಪದೇಶಕಾಂಡದ (24:15) ಆಜ್ಞೆ ಇನ್ನೂ ರದ್ದಾಗಿಲ್ಲ.

ಸಾಮತಿಯ ಆ ಒಂದು ನಾಣ್ಯ ಒಂದು ದಿನದ ಕೂಲಿ, ಎಂದರೆ ಒಂದು ಮನೆಯ ಒಂದು ದಿನದ ಊಟ. ಅಪ್ಪ ಎಷ್ಟು ಗಂಟೆ ದುಡಿದನೆಂದು ಮಕ್ಕಳ ಹಸಿವು ಲೆಕ್ಕ ಕೇಳುವುದಿಲ್ಲ. ಯಜಮಾನನಿಗೆ ಅದು ಗೊತ್ತಿತ್ತು. ಅದಕ್ಕೇ ಒಂದೇ ದಿನದಲ್ಲಿ ಐದು ಸಲ ಹೊರಗೆ ಹೋದ.

ನಮ್ಮ ಧರ್ಮಕೇಂದ್ರಗಳಲ್ಲಿ ಕೆಲಸವಿಲ್ಲದವರು ಭಾನುವಾರದ ಬಲಿಪೂಜೆಗೆ ಬರುತ್ತಾರೆ, ಬಾಗಿಲ ಬಳಿ ನಿಲ್ಲುತ್ತಾರೆ, ಕೊನೆಯ ಆಶೀರ್ವಾದಕ್ಕೆ ಮುಂಚೆಯೇ ಹೊರಟುಬಿಡುತ್ತಾರೆ. ಅಂಗಳದಲ್ಲಿ ಯಾರಾದರೂ ಏನಾದರೂ ಕೇಳಿಬಿಟ್ಟಾರೆಂಬ ಭಯ. ಬರುವ ಭಾನುವಾರ ನೀವೂ ಸ್ವಲ್ಪ ಹಿಂದೆ, ಅವರ ಪಕ್ಕದಲ್ಲಿ ನಿಂತುಕೊಳ್ಳಿ. ಜೊತೆಯಲ್ಲೇ ಗೇಟಿನವರೆಗೆ ನಡೆಯಿರಿ. ಅವರಿಗೆ ಏನೇನು ಬರುತ್ತದೆ, ಅದನ್ನು ಯಾರಿಂದ ಕಲಿತರು ಎಂದು ಕೇಳಿ. ನಿಮಗೆ ಗೊತ್ತಿರುವ ಕಡೆ ಎಲ್ಲಾದರೂ ಕೆಲಸವಿದ್ದರೆ, ಸೋಮವಾರದ ತನಕ ಕಾಯದೆ ಅಲ್ಲಿಯೇ ಹೇಳಿ.