ಇಂದಿನ ಧಮ್ಮ ಚಿಂತನೆ: ನಾಲ್ಕನೇ ಪಾಲು ಯಾರದ್ದು?





ನಿವೃತ್ತಿಗೆ ಹತ್ತಿರವಾದ ದಾಂಡೇಲಿಯ ಸಹೋದರರೊಬ್ಬರು ನಮ್ಮ ಬಳಗದಲ್ಲಿ ಕೇಳಿದರು: "ಪಿಎಫ್, ಗ್ರಾಚ್ಯುಟಿ ಕೈಗೆ ಬರುತ್ತದೆ. ಮೂರು ತಿಂಗಳಲ್ಲಿ ದುಪ್ಪಟ್ಟು ಎಂದು ಮೊಬೈಲಿಗೆ ದಿನಾ ಶೇರಿನ ಟಿಪ್ ಬರುತ್ತಿದೆ. ಹಾಕಿದರೆ ತಪ್ಪೇನು? ನಾವು ಬಡವರಾಗಿಯೇ ಇರಬೇಕೆಂದು ಧಮ್ಮ ಹೇಳುತ್ತದೆಯೇ?"

ಖಂಡಿತ ಇಲ್ಲ. ಧರ್ಮವು ಬಡತನವನ್ನು ಪವಿತ್ರ ಮಾಡಬಾರದು ಎಂದು ಬಾಬಾಸಾಹೇಬರು 1950ರಲ್ಲೇ ಬರೆದರು. ಶೇರು ಪೇಟೆಯೂ ಅವರಿಗೆ ಹೊಸದಲ್ಲ. 1917ರಲ್ಲಿ ಬರೋಡಾದಲ್ಲಿ ಅವಮಾನ ಉಂಡು ಮುಂಬೈಗೆ ಮರಳಿದ ಮೇಲೆ, ಶೇರು ವ್ಯಾಪಾರಿಗಳಿಗೆ ಸಲಹೆ ಕೊಡುವ ಕೆಲಸ ಶುರು ಮಾಡಿದ್ದರು. ಸಲಹೆಗಾರ ಅಸ್ಪೃಶ್ಯ ಎಂದು ಗೊತ್ತಾದಾಗ ಗಿರಾಕಿಗಳು ಬರುವುದು ನಿಂತಿತು. ಅಂದು ಮುಚ್ಚಿದ ಬಾಗಿಲಲ್ಲಿ ಇಂದು ನಾವು ಕಾಲಿಡುವುದು ತಪ್ಪಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: *ಯಾವ ಹಣ ಹಿಡಿದು?*

ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ಗೃಹಸ್ಥನಿಗೆ ಗಳಿಕೆಯನ್ನು ನಾಲ್ಕು ಪಾಲು ಮಾಡಲು ಹೇಳುತ್ತಾರೆ. ಒಂದು ಪಾಲು ಅನುಭವಿಸಲು, ಎರಡು ಪಾಲು ಉದ್ಯೋಗ ವ್ಯವಹಾರಕ್ಕೆ, ನಾಲ್ಕನೆಯದು ಆಪತ್ಕಾಲಕ್ಕೆ. ಲಾಭ ನಷ್ಟದ ಮಾತು ಆ ಎರಡು ಪಾಲಿಗೆ ಸೇರಿದ್ದು. ಪಿಎಫ್ ಹಣ ನಾಲ್ಕನೇ ಪಾಲು. ಅದರ ಕೆಲಸ ಬೆಳೆಯುವುದಕ್ಕಿಂತ ಮೊದಲು *ಇರುವುದು*.

ದೀಘಜಾಣು ಎಂಬ ಗೃಹಸ್ಥನಿಗೆ ಬುದ್ಧರು ಸಂಪತ್ತನ್ನು ಕೆರೆಗೆ ಹೋಲಿಸಿದರು: ನಾಲ್ಕು ಒಳಹರಿವು, ನಾಲ್ಕು ಹೊರಹರಿವು. ಹೊರಹರಿವುಗಳಲ್ಲಿ ಒಂದು ಜೂಜು, ಇನ್ನೊಂದು ಕೆಟ್ಟ ಸಹವಾಸ. ನಮ್ಮ ಜೋಯಿಡಾದ ಸೂಪಾ ಜಲಾಶಯವನ್ನೇ ನೆನೆಯಿರಿ. ಮಳೆಗಾಲದಲ್ಲಿ ಹಿಡಿದ ನೀರು ಬೇಸಿಗೆಗೆ. ನಿವೃತ್ತಿ ಎಂದರೆ ಸಂಬಳದ ಮಳೆ ನಿಂತ ಕಾಲ. ಮೂವತ್ತರ ಹರೆಯದವರು ಕಳೆದುಕೊಂಡರೆ ಮತ್ತೆ ದುಡಿಯಬಹುದು. ಅರವತ್ತರಲ್ಲಿ ಅರ್ಧ ಹೋದರೆ, ಉಳಿದದ್ದು ದುಪ್ಪಟ್ಟಾದರೆ ಮಾತ್ರ ಮೊದಲಿನ ಜಾಗಕ್ಕೆ ಬರುತ್ತೇವೆ.

ಇನ್ನು ಆ ಟಿಪ್. ಎರಡು ಮೂರು ರೂಪಾಯಿಯ ಶೇರನ್ನು ಕೆಲವರು ಮೊದಲೇ ಕೊಂಡಿಟ್ಟು, ಸಂದೇಶ ಹಬ್ಬಿಸಿ, ಬೆಲೆ ಏರಿಸಿ, ನಾವು ಕೊಳ್ಳಲು ಬಂದಾಗ ಮಾರಿ ಹೋಗುತ್ತಾರೆ. ಆಮೇಲೆ ದಿನವೂ ಲೋವರ್ ಸರ್ಕ್ಯೂಟ್. ಮಾರಬೇಕೆಂದರೂ ಕೊಳ್ಳುವವರಿಲ್ಲ. ಒಂದು ವೇಳೆ ನಾವು ಸಮಯಕ್ಕೆ ಸರಿಯಾಗಿ ಹೊರಬಂದೆವು ಎನ್ನಿ. ಆ ಲಾಭ ಎಲ್ಲಿಂದ ಬಂತು? ನಮ್ಮಂತೆಯೇ ಟಿಪ್ ನಂಬಿ ಕಡೆಗೆ ಬಂದವನ ಜೇಬಿನಿಂದ. ಅವನೂ ಒಬ್ಬ ನಿವೃತ್ತ ಕಾರ್ಮಿಕನಿರಬಹುದು. *ಸೋತರೆ ನಮ್ಮ ಮನೆಗೆ ನಷ್ಟ, ಗೆದ್ದರೆ ಎರಡನೇ ಶೀಲಕ್ಕೆ ಪೆಟ್ಟು.*

ಫ್ಯೂಚರ್ಸ್, ಆಪ್ಷನ್ಸ್ ಆಡುವವರಿಗೆ ಸೆಬಿ 2024ರಲ್ಲಿ ಕೊಟ್ಟ ಲೆಕ್ಕ ಸಾಕು: ಮೂರು ವರ್ಷಗಳಲ್ಲಿ 100ರಲ್ಲಿ 93 ಮಂದಿಗೆ ನಷ್ಟ, ತಲಾ ಸುಮಾರು 2 ಲಕ್ಷ ರೂಪಾಯಿ.

ಬೆಲೆ ಏರುತ್ತದೆ, ಬಡ್ಡಿ ಸಾಲದು ಎಂಬ ಮಾತೂ ನಿಜವೇ. ಹಾಗಾಗಿ ಮಧ್ಯಮ ಮಾರ್ಗ ಹಿಡಿಯೋಣ:

🔹 ಊಟ, ಔಷಧಿ, ಬಾಡಿಗೆಯ ಹಣ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಂಥ ಕಡೆ ಇರಲಿ. ಅಲ್ಲಿ ಒಬ್ಬರಿಗೆ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ.
🔹 ಐದಾರು ವರ್ಷ ಮುಟ್ಟದೆ ಇರಬಲ್ಲ ಹಣವಿದ್ದರೆ ಅದರಲ್ಲಿ ಸ್ವಲ್ಪ ಮಾತ್ರ, ಹಲವು ಕಂಪನಿಗಳಲ್ಲಿ ಹಂಚಿದ ಫಂಡಿಗೆ.
🔹 ಒಂದೇ ಶೇರಿಗೆ ಎಲ್ಲವನ್ನೂ ಹಾಕಬೇಡಿ. ಸಾಲ ಮಾಡಿ ಎಂದಿಗೂ ಬೇಡ.
🔹 ಮನೆಯಾಕೆಗೆ ಹೇಳದೆ ಒಂದು ರೂಪಾಯಿಯೂ ಬೇಡ.

ಕೊನೆಯ ಮಾತೇ ಮುಖ್ಯ. ಆ ಹಣ ಖಾತೆಯಲ್ಲಿ ನಮ್ಮ ಹೆಸರಿನಲ್ಲಿದೆ, ಅಷ್ಟೇ. ನಾವು ನೈಟ್ ಶಿಫ್ಟ್ ಮಾಡಿದಾಗ ಮಕ್ಕಳನ್ನು ಒಬ್ಬಳೇ ಸಾಕಿದವಳ ದುಡಿಮೆ ಅದರಲ್ಲಿದೆ. ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ತಿಂಗಳ ಸಂಬಳ ಕಂಡ ಮೊದಲ ತಲೆಮಾರು ನಾವೇ. ನಮ್ಮ ಅಪ್ಪಂದಿರಿಗೆ ಕಳೆದುಕೊಳ್ಳಲೂ ಇಂಥದ್ದೊಂದು ಗಂಟು ಇರಲಿಲ್ಲ.

*ಇಂದು ಯೋಚಿಸೋಣ:* ಈ ಹಣ ಹೋದರೆ ನಾಳೆ ನಾನು ಯಾರ ಮುಂದೆ ಕೈ ಚಾಚಬೇಕು? ಆ ಮುಖ ಕಣ್ಣ ಮುಂದೆ ಬಂದರೆ, ಬಟನ್ ಒತ್ತುವ ಮುನ್ನ ಬೆರಳು ತಾನಾಗಿ ನಿಲ್ಲುತ್ತದೆ. ಅದೇ ಅಪ್ರಮಾದ, ಅದೇ ಎಚ್ಚರ.

ಭವತು ಸಬ್ಬ ಮಂಗಲಂ 🌼
ಜೈ ಭೀಮ್, ನಮೋ ಬುದ್ಧಾಯ 🙏

(ಓದಿ, ನಿವೃತ್ತಿಗೆ ಹತ್ತಿರವಿರುವ ಬಂಧುಗಳಿಗೆ ಕಳಿಸಿ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಅಧ್ಯಯನ ಬಳಗ)