ಉರೇಕಾದ ಹೊಳವು

ಮಳೆಯ ಮಾತು ಬಂದರೆ ನಮಗೆ ಆಗುಂಬೆಯ ಹೆಮ್ಮೆ, 7,000 ಮಿ.ಮೀ. ದಾಟಿದ ವರ್ಷಗಳ ಲೆಕ್ಕ ಬಾಯಲ್ಲೇ ಇರುತ್ತದೆ. ಆದರೆ ಮಧ್ಯ ಆಫ್ರಿಕಾದ ಈಕ್ವಟೋರಿಯಲ್ ಗಿನಿಗೆ ಸೇರಿದ ಬಿಯೋಕೋ ದ್ವೀಪದ ದಕ್ಷಿಣ ಕರಾವಳಿಯಲ್ಲಿ ಉರೇಕಾ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿ ವರ್ಷಕ್ಕೆ ಸುಮಾರು 10,450 ಮಿ.ಮೀ. ಸುರಿಯುತ್ತದೆ. ಕಾರಣ ನಮಗೆ ಹೊಸದಲ್ಲ. ನೈಋತ್ಯದ ಗಾಳಿ ಕಡಲಿನ ಹಸಿ ಹೊತ್ತು ಬರುತ್ತದೆ, ದಡದ ಬೆನ್ನಿಗೇ ಜ್ವಾಲಾಮುಖಿಯ ಬೆಟ್ಟ ಅಡ್ಡ ನಿಂತಿದೆ.

ಇಂಥ ಮಳೆಯಲ್ಲಿ ಜನ ಬದುಕುವುದೇ ಅಚ್ಚರಿ ಎಂದು ದೂರದವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸದು. ಮಳೆಗೆ ಮನುಷ್ಯ ಒಗ್ಗುತ್ತಾನೆ, ಮಲೆನಾಡಿನವರನ್ನು ಕೇಳಿ. ನನಗೆ ಬೆರಗು ಹುಟ್ಟಿಸುವುದು ಅಲ್ಲಿನ ಹೊಳವು.

ನವೆಂಬರ್ ಹೊತ್ತಿಗೆ ಮಳೆ ಹಿಂದೆಗೆಯುತ್ತದೆ. ಆ ಕೆಲವು ತಿಂಗಳುಗಳಿಗೆ ಸರಿಯಾಗಿ ಕಡಲಾಮೆಗಳು ದಡ ಹತ್ತುತ್ತವೆ. ನಾಲ್ಕು ಜಾತಿಯವು, ನಮ್ಮ ಹೊನ್ನಾವರ, ಕುಂದಾಪುರದ ಕಡೆಗೂ ಬರುವ ಆಲಿವ್ ರಿಡ್ಲಿ ಅವುಗಳಲ್ಲೊಂದು. ಎಲ್ಲಕ್ಕೂ ದೊಡ್ಡದು, ಗಟ್ಟಿ ಚಿಪ್ಪಿನ ಬದಲು ತೊಗಲಿನ ಬೆನ್ನಿರುವ ಲೆದರ್‌ಬ್ಯಾಕ್. ಮೂರ್ನಾಲ್ಕು ಕ್ವಿಂಟಾಲ್ ತೂಗುವ ಈ ಜೀವ ಕತ್ತಲಲ್ಲಿ ಮೈ ಎಳೆದುಕೊಂಡು ಮೇಲೆ ಬಂದು, ಹಿಂಗಾಲುಗಳಿಂದಲೇ ಗುಂಡಿ ತೋಡುತ್ತದೆ. ತಿರುಗಿ ನೋಡುವುದಿಲ್ಲ. ಮೊಟ್ಟೆ ಇಟ್ಟು, ಮುಚ್ಚಿ, ಮೇಲಿನ ಮರಳು ಕೆದರಿ ಗುರುತು ಮರೆಸಿ ನೀರಿಗಿಳಿದರೆ ಮುಗಿಯಿತು. ಮರಿಯ ಮುಖ ಕಾಣುವ ಹಂಬಲವೂ ಇಲ್ಲ.

ಮುಂದಿನ ಎರಡು ತಿಂಗಳು ಬಾಣಂತನವೆಲ್ಲ ಮರಳಿನದು. ಮೊಟ್ಟೆ ಉಸಿರಾಡುವುದು ಸಿಪ್ಪೆಯ ಮೂಲಕ. ನೀರು ನಿಂತರೆ ಮರಿ ಒಳಗೇ ಸಾಯುತ್ತದೆ. ಹುಟ್ಟುವುದು ಗಂಡೋ ಹೆಣ್ಣೋ ಎಂಬುದೂ ಅಲ್ಲೇ ತೀರ್ಮಾನ. ಮರಳು ತಂಪಾಗಿದ್ದರೆ ಗಂಡು, ಬೆಚ್ಚಗಿದ್ದರೆ ಹೆಣ್ಣು. ನಡುವಿನ ಗೆರೆ 29 ಡಿಗ್ರಿಯ ಆಸುಪಾಸು. ನಾಲ್ಕು ದಿನ ಅಕಾಲದಲ್ಲಿ ಜಡಿಮಳೆ ಹಿಡಿದರೆ ಗೂಡಿನ ಲೆಕ್ಕವೇ ಬದಲಾದೀತು.

ಅಲ್ಲಿನ ಬುಬಿ ಜನ ಹಿಂದೆ ಆಮೆಯನ್ನೂ ಮೊಟ್ಟೆಯನ್ನೂ ತಿಂದವರು. ಈಗ ಊರಿನ ಕೆಲವರು ರಾತ್ರಿಯಿಡೀ ಕಡಲ ದಂಡೆ ನಡೆದು ಆಮೆಗಳನ್ನು ಎಣಿಸುತ್ತಾರೆ. ಇದನ್ನು ಮನಃಪರಿವರ್ತನೆಯ ಕಥೆ ಮಾಡಿ ಹೊಗಳಲು ನನಗೆ ಮನಸ್ಸಿಲ್ಲ. ಅದು ಕೂಲಿಯ ಕೆಲಸವೂ ಹೌದು. ಆದರೂ ಅಷ್ಟು ಹತ್ತಿರ ಕುಳಿತು ನೋಡಿದವನು ಮನೆಗೆ ಹೋಗಿ ಏನು ಹೇಳುತ್ತಾನೋ, ಕೇಳಬೇಕೆನಿಸುತ್ತದೆ.

ಒಂದು ಹಂಗಾಮು ಮುಗಿಸಿ ಹೋದ ತಾಯಿ ಮತ್ತೆ ಬರುವುದು ಸಾಮಾನ್ಯವಾಗಿ ಎರಡು-ಮೂರು ವರ್ಷಕ್ಕೆ. ಮೂರು ವರ್ಷವೆಂದರೆ ಉರೇಕಾದ ನೆತ್ತಿಯ ಮೇಲೆ ಮೂವತ್ತು ಮೀಟರಿಗೂ ಹೆಚ್ಚು ಮಳೆ. ಅಷ್ಟು ಕಳೆದ ಮೇಲೂ ಅದು ತಪ್ಪದೆ ಒಣ ತಿಂಗಳಿಗೇ ಬರುವುದು ಹೇಗೆಂದು ತಿಳಿಯುವ ಆಸೆ ನನಗಿದೆ. ಪೂರ್ತಿ ತಿಳಿಯದಿರಲಿ ಎಂಬ ಆಸೆಯೂ.